ನಮ್ಮಲ್ಲೇ ಮಾಡಿದ ಕಣ್ಣಿನ ಹನಿ

ಪಾವಗಡದ ಕಡೆಯ ರಾಯಚರ್ಲಿನ ಆ ಹೆಂಗಸಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣಿನಲ್ಲಿ ಚಿಕ್ಕಂದಿನಲ್ಲೇ ಹೂ ಬಿದ್ದು ಬೆಳ್ಳಗಾಗಿತ್ತು. ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್‌ಗಳ ಅಡಿ ಬೆಳೆಯುವ ಹುಲ್ಲು ಕೊಯ್ಯುವ ಕೆಲಸ ಅವರದು. ಒಣಗಿದ ಹುಲ್ಲಿನ ಎಸಳೊಂದು ಬಲಗಣ್ಣಿಗೆ ಬಡಿಯಿತು. ಊರಿನಲ್ಲಿ ಬಾಣಂತಿಯ ಎದೆಹಾಲು ಬಿಡಿಸಿಕೊಂಡು ನೋಡಿದರು. ಗುಣವಾಗದೆ, ಸೊಸೆಯ ಭುಜ ಹಿಡಿದುಕೊಂಡು ಮಧುಗಿರಿಯ ನಮ್ಮ ಕಣ್ಣಾಸ್ಪತ್ರೆಗೆ ಬರುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿಯ ಹುಣ್ಣಾಗಿತ್ತು.

ಟ್ರಸ್ಟಿನವರು ನಡೆಸುವ ಸಣ್ಣ ಆಸ್ಪತ್ರೆ ನಮ್ಮದು. ಕಣ್ಣಿನ ವೈದ್ಯೆ ಅಂತ ಅಲ್ಲಿ ಪೂರ್ತಿ ಹೊತ್ತು ಇದ್ದವಳು ನಾನೊಬ್ಬಳೇ. ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಅಂಚನ್ನು ಸಣ್ಣ ಬ್ಲೇಡಿನಿಂದ ಕೆರೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನೇರಳೆ ಬಣ್ಣದ ಚುಕ್ಕೆಗಳು ಜೋಡಿ ಜೋಡಿಯಾಗಿ ಕಂಡವು. ಗುರುತಿನ ಬ್ಯಾಕ್ಟೀರಿಯಾ. ಔಷಧಿಗೆ ಬಗ್ಗುವಂಥದ್ದು. ನನಗೆ ಸಮಾಧಾನವೇ ಆಯಿತು.

ಇಂಥ ಹುಣ್ಣಿಗೆ ಮೆಡಿಕಲ್ ಸ್ಟೋರಿನ ಹನಿ ಸಾಕಾಗುವುದಿಲ್ಲ. ಇಂಜೆಕ್ಷನ್ನಿಗೆಂದು ಬರುವ ಪುಡಿಯನ್ನು ಶುದ್ಧ ನೀರಿನಲ್ಲಿ ಕರಗಿಸಿ, ಕಣ್ಣಿಗೆ ತಕ್ಕ ಗಟ್ಟಿಗೆ ತಂದು, ಹನಿಬಾಟಲಿಗೆ ತುಂಬಿ ಕೊಡಬೇಕು. ಎಲ್ಲ ಕಣ್ಣಾಸ್ಪತ್ರೆಗಳಲ್ಲೂ ಇದು ನಡೆದುಕೊಂಡು ಬಂದ ಪದ್ಧತಿ. ನಾನು ಚೀಟಿ ಬರೆಯುತ್ತೇನೆ, ನಮ್ಮ ಫಾರ್ಮಸಿಸ್ಟ್ ಒಳಗಿನ ಕೋಣೆಯಲ್ಲಿ ಮಾಡಿಕೊಡುತ್ತಾರೆ. ಕಂಪನಿಯ ಹನಿಯಲ್ಲಿ ಅದು ಕೆಡದಂತೆ ಕಾಯುವ ರಾಸಾಯನಿಕವೊಂದು ಇರುತ್ತದೆ. ಗಂಟೆಗೊಂದು ಸಲ ಹುಣ್ಣಿನ ಮೇಲೆ ಬೀಳುವ ಹನಿಯಲ್ಲಿ ಅದಿದ್ದರೆ ಕಣ್ಣನ್ನೇ ಸುಡುತ್ತದೆ, ಹಾಗಾಗಿ ನಾವು ಹಾಕುವುದಿಲ್ಲ. ಅಂದರೆ ಈ ಹನಿಗೆ ಕಾವಲು ಯಾರೂ ಇಲ್ಲ. ಮಾಡುವಾಗಿನ ಶುಚಿ, ಆಮೇಲೆ ಫ್ರಿಜ್ಜಿನ ತಂಪು, ಇಷ್ಟೇ.

ವಾರ್ಡಿನಲ್ಲಿಟ್ಟುಕೊಂಡು ಹಗಲೂ ರಾತ್ರಿ ಹನಿ ಹಾಕಿಸಿದೆವು. ಹುಣ್ಣಿನ ಅಂಚು ಒಣಗಿತು, ನೋವು ಇಳಿಯಿತು. ಆಕೆ ಒಂದು ಬೆಳಿಗ್ಗೆ ನನ್ನ ಕೈಬಳೆಯ ಬಣ್ಣ ಹೇಳಿದರು. ಹೊಸದಾಗಿ ಮಾಡಿದ ಎರಡು ಬಾಟಲಿ ಕೊಟ್ಟು ಊರಿಗೆ ಕಳಿಸಿದೆ.

ವಾರ ತುಂಬುವ ಮೊದಲೇ ಸೊಸೆ ಆಕೆಯನ್ನು ಮತ್ತೆ ಕರೆತಂದಳು. ಕಣ್ಣಿನ ಮೇಲೆ ಮಡಚಿಟ್ಟ ಸೆರಗು ತೆಗೆದರೆ ಹಸಿರು ಕೀವು. ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ ನೋಡಿದೆ. ಒಣಗುತ್ತಿದ್ದ ಹುಣ್ಣು ಉಂಗುರದಂತೆ ಹರಡಿತ್ತು. ಅದರ ನಡುವೆ ಕರಿಗುಡ್ಡೆಯ ಮೇಲ್ಪದರ ಬಿಸಿಲಿಗಿಟ್ಟ ಮೇಣದ ಹಾಗೆ ಕರಗುತ್ತಿತ್ತು.

"ಕೈ ತೊಳೆದು ಹಾಕ್ತಿದ್ರಾ?" ಕೇಳಿದೆ. ನನ್ನ ದನಿ ಗಡುಸಾಗಿತ್ತು.

"ಸೋಪಾಕಿ ತೊಳ್ದೇ ಹಾಕಿವ್ನಿ ಕಣಮ್ಮ. ನೀವು ಯೋಳ್ದಂಗೇ, ಗಂಟೆಗೊಂದ್ ಕಿತ."

"ಬಾಟಲಿ ತುದಿ ಕಣ್ಣಿಗೆ ತಾಗಿತ್ತಾ?"

ಸೊಸೆ ತನ್ನ ತೆಲುಗು ಬೆರೆತ ಮಾತಿನಲ್ಲಿ ಅಡ್ಡ ಬಂದಳು. "ಲೇದು ಮೇಡಂ. ನಾನೇ ಮ್ಯಾಲಿಂದ ಬುಡ್ತಿದ್ದೆ. ಒಂದ್ ಕಿತಾನೂ ತಗುಲ್ಲಿಲ್ಲ."

ನಾನು ನಂಬಲಿಲ್ಲ. ದೂಳು, ಹುಲ್ಲು, ಸೆರಗಿನ ತುದಿಯಿಂದ ಕಣ್ಣೊರೆಸುವ ಅಭ್ಯಾಸ, ಇವೆಲ್ಲ ನನಗೆ ಗೊತ್ತಿದ್ದ ಕಾರಣಗಳು. ಸುಲಭವಾಗಿ ಕೈಗೆ ಸಿಗುತ್ತವೆ. ಮತ್ತೆ ಕೆರೆದು ನೋಡಿದೆ. ಈ ಸಲ ಪಟ್ಟಿಯ ಮೇಲೆ ನೇರಳೆ ಚುಕ್ಕೆಗಳಿರಲಿಲ್ಲ. ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು ಒತ್ತೊತ್ತಾಗಿ ಬಿದ್ದಿದ್ದವು. ಇದು ಬೇರೆಯೇ ಜಾತಿ, ನೀರಿನ ಪಸೆ ಇದ್ದಲ್ಲೆಲ್ಲ ಬದುಕುವಂಥದ್ದು. ನಾವು ಕೊಡುತ್ತಿದ್ದ ಔಷಧಿ ಇದಕ್ಕೆ ನಾಟುವುದೇ ಇಲ್ಲ. ಔಷಧಿಯ ಒಳಗೇ ಕೂತು ಬೆಳೆಯಬಲ್ಲದು.

ಆ ಕೊನೆಯ ಮಾತು ಅವತ್ತು ನನಗೆ ಹೊಳೆಯಲಿಲ್ಲ. ಔಷಧಿ ಬದಲಿಸಿದೆ, ಬೇರೆ ಗುಂಪಿನ ಕಂಪನಿ ಹನಿ ಶುರುಮಾಡಿದೆ. ಕಣ್ಣು ತೂತಾದರೆ ಕಸಿ ಮಾಡಿಸಲು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೇಳಿಟ್ಟೆ.

ಅದರ ಹಿಂದೆಯೇ ಬರಗೂರಿನಿಂದ ಕುರಿ ಕಾಯುವ ಯಜಮಾನರೊಬ್ಬರು ಬಂದರು. ಅವರೂ ನಮ್ಮಲ್ಲೇ ತೋರಿಸಿಕೊಂಡು ಹೋದವರು. ಜಾಲಿಮುಳ್ಳು ಚುಚ್ಚಿ ಆದ ಹುಣ್ಣು, ಅದೇ ಹನಿ, ಮೊದಲು ಗುಣ, ಈಗ ಹಸಿರು ಕೀವು. ಕಂಬಳಿಯ ಮುಸುಕಿನೊಳಗೆ ನೋವಿಗೆ ಹಲ್ಲು ಕಚ್ಚಿಕೊಂಡು ಕೂತಿದ್ದರು. ದೀಪ ಹಾಕಿ ನೋಡಿದೆ. ಅದೇ ಉಂಗುರ. ಬರಗೂರಿಗೂ ರಾಯಚರ್ಲಿಗೂ ಎಲ್ಲಿಂದೆಲ್ಲಿಯ ದಾರಿ. ಇವರಿಬ್ಬರ ನಡುವೆ ಇದ್ದ ಗಂಟು ನಾವು ಮಾತ್ರ.

"ಬಾಟಲಿ ಎಲ್ಲಿಟ್ಟಿದ್ರಿ, ಯಜಮಾನ್ರೇ?"

"ಮನೇಲಿ ಪ್ರಿಜ್ಜೆಲ್ಲೈತವ್ವ. ಕೂಲ್‌ಡ್ರಿಂಕ್ಸ್ ಅಂಗಡೀಲಿ ಮಡಗಿದ್ದೆ. ಒಂದು ಮುಗೀತು. ಇನ್ನೊಂದು ಇನ್ನೂ ಒಡ್ದೇ ಇಲ್ಲ. ನೀವು ಕೊಟ್ಟಾಗ ಹೆಂಗಿತ್ತೋ ಅಂಗೇ ಐತೆ."

ಒಡೆಯದ ಬಾಟಲಿ. ಯಾರ ಕೈಯೂ, ಯಾರ ಸೆರಗೂ, ಯಾವ ದೂಳೂ ಸೋಕದ ಬಾಟಲಿ.

ಅವರ ತಮ್ಮನಿಗೆ ಫೋನ್ ಮಾಡಿಸಿದೆ. ಮುಚ್ಚಳ ಮುಟ್ಟದೆ ಹಾಗೇ ತರಬೇಕು ಅಂದೆ. ಅವರು ಬುತ್ತಿ ಡಬ್ಬಿಯಲ್ಲಿ ಐಸ್‌ಕ್ಯಾಂಡಿ ಒಡೆದು ತುಂಬಿ, ನಡುವೆ ಬಾಟಲಿ ಹೂತು, ಸಿರಾದಲ್ಲಿ ಬಸ್ಸು ಬದಲಿಸಿ ತಂದರು. ಕಂದು ಗಾಜಿನ ಬಾಟಲಿ, ಮೇಲೆ ರಬ್ಬರ್ ಬುರುಡೆಯ ಡ್ರಾಪರ್, ಸುತ್ತ ನಮ್ಮದೇ ಸೀಲು. ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ. ತಿಳಿಯಾಗಿಯೇ ಇತ್ತು.

ಫಾರ್ಮಸಿಸ್ಟ್ ಬಂದು ಪಕ್ಕದಲ್ಲಿ ನಿಂತರು. ಅವರೂ ಈ ಆಸ್ಪತ್ರೆಯಲ್ಲೇ ತಲೆ ನೆರೆಸಿಕೊಂಡವರು. ಸೋಸಿದ ಗಾಳಿ ಬರುವ ಪೆಟ್ಟಿಗೆಯೊಳಗೆ ಸೀಲು ಕತ್ತರಿಸಿ, ಎರಡು ಹನಿ ಪಟ್ಟಿಗೆ ಹಾಕಿ, ಉಳಿದದ್ದನ್ನು ತುಮಕೂರಿನ ಲ್ಯಾಬಿಗೆ ಕಟ್ಟಿಟ್ಟೆ. ಪಟ್ಟಿ ಒಣಗಿತು, ಬಣ್ಣ ಹಾಕಿದೆ, ತೊಳೆದೆ, ಕಣ್ಣಿಟ್ಟೆ. ಏನೂ ಇರದಿರಲಿ ಅಂತ ಮನಸ್ಸು ಒಂದೇ ಸಮನೆ ಕೇಳುತ್ತಿತ್ತು.

ಗುಲಾಬಿ ಕಡ್ಡಿಗಳು.

ಎದ್ದು ಅವರಿಗೆ ಜಾಗ ಬಿಟ್ಟೆ. ಅವರು ಬಹಳ ಹೊತ್ತು ನೋಡಿದರು. "ಸತ್ತವೂ ಇರಬಹುದು ಮೇಡಂ," ಅಂದರು, ತಲೆ ಎತ್ತದೆ. "ಸ್ಲೈಡಿನಲ್ಲಿ ಸತ್ತದ್ದು ಬದುಕಿದ್ದು ಗೊತ್ತಾಗಲ್ಲ."

"ಇರಬಹುದು. ಆದರೆ ಬಂದದ್ದು ಎಲ್ಲಿಂದ?"

ಇಬ್ಬರೂ ಒಳಗಿನ ಕೋಣೆಗೆ ಹೋಗಿ ಒಂದೊಂದನ್ನೇ ತೆಗೆದು ನೋಡಿದೆವು. ಪುಡಿಯ ಸೀಸೆಗಳು ಸರಿಯಿದ್ದವು. ನೀರು ಕಂಪನಿಯಿಂದ ಬರುವ ಸಣ್ಣ ಆಂಪುಲ್, ಒಂದು ಸಲಕ್ಕೆ ಒಂದು, ಅದೂ ಸರಿ. ಗಾಜಿನ ಬಾಟಲಿಗಳನ್ನು ಆವಿಯ ಆಟೋಕ್ಲೇವಿನಲ್ಲಿ ಬೇಯಿಸುತ್ತಿದ್ದರು. ಬಿಸಿ ಸಾಕಷ್ಟು ಏರಿದೆ ಅಂತ ತೋರಿಸುವ ಟೇಪು ಬಣ್ಣ ತಿರುಗಿತ್ತು. ಇನ್ನು ಉಳಿದದ್ದು ಡ್ರಾಪರ್‌ಗಳು. ಅಲ್ಲಿ ಫಾರ್ಮಸಿಸ್ಟರ ಕೈ ನಿಂತಿತು.

ಮೊದಲೆಲ್ಲ ನಮಗೆ ಕಾರ್ಖಾನೆಯಲ್ಲೇ ಶುದ್ಧ ಮಾಡಿ ಪ್ಯಾಕು ಮಾಡಿದ ಪ್ಲಾಸ್ಟಿಕ್ ಹನಿಬಾಟಲಿಗಳು ಬರುತ್ತಿದ್ದವು. ಬೇಸಿಗೆಗೆ ಮುಂಚೆ ಅದು ಬರುವುದು ನಿಂತು, ಗಾಜಿನ ಬಾಟಲಿ ತರಿಸಿದ್ದೆವು. ಗಾಜನ್ನು ಬೇಯಿಸಬಹುದು. ಆ ಅಗ್ಗದ ರಬ್ಬರ್ ಆವಿಗೆ ಬಿರುಕು ಬಿಡುತ್ತಿತ್ತು. ಅದಕ್ಕೆ ರಬ್ಬರ್ ಬುರುಡೆಗಳನ್ನು ಕ್ರಿಮಿನಾಶಕ ದ್ರಾವಣದ ಜಾಡಿಯಲ್ಲಿ ನೆನೆಹಾಕಿ, ಶುದ್ಧ ನೀರಿನಲ್ಲಿ ಜಾಲಿಸಿ, ಬಾಟಲಿಗೆ ಕೂರಿಸುತ್ತಿದ್ದರು. ಔಷಧಿ ಬದಲಾಗಿರಲಿಲ್ಲ, ಅಳತೆ ಬದಲಾಗಿರಲಿಲ್ಲ. ಮುಚ್ಚಳ ಬದಲಾದದ್ದನ್ನು ನಾವ್ಯಾರೂ ಔಷಧಿ ಬದಲಾದ ಹಾಗೆ ಎಣಿಸಲಿಲ್ಲ.

ಜಾಡಿ ಮೂಲೆಯ ಸಿಂಕಿನ ಪಕ್ಕದಲ್ಲಿತ್ತು. ದ್ರಾವಣ ಕಡಿಮೆಯಾದಾಗ ಮೇಲಿಂದ ಹೊಸದು ಸುರಿಯುತ್ತಿದ್ದರೇ ಹೊರತು ಪೂರ್ತಿ ಚೆಲ್ಲಿ ಜಾಡಿ ಬೇಯಿಸುತ್ತಿರಲಿಲ್ಲ. ಮುಚ್ಚಳ ತೆರೆದಾಗ ಆಸ್ಪತ್ರೆಯ ವಾಸನೆಯೇ ಬಂತು. ಎಂಥವರಿಗೂ ಶುಚಿ ಅನ್ನಿಸುವ ವಾಸನೆ. ಅದರ ಒಂದು ತೊಟ್ಟನ್ನು ಬಣ್ಣ ಹಾಕದೆ ಹಸಿಯಾಗಿಯೇ ಮೈಕ್ರೋಸ್ಕೋಪಿಗೆ ಇಟ್ಟೆ. ಸತ್ತವಲ್ಲ. ಓಡಾಡುತ್ತಿದ್ದವು. ನೋಟದ ವೃತ್ತದ ಈ ತುದಿಯಿಂದ ಆ ತುದಿಗೆ, ಒಂದನ್ನೊಂದು ಹಾದು, ಕೆರೆಯ ಮೀನಿನ ಮರಿಗಳ ಹಾಗೆ. ಕ್ರಿಮಿ ಕೊಲ್ಲಲಿಕ್ಕೆಂದು ಇಟ್ಟ ನೀರಿನಲ್ಲೇ ಅವು ಮನೆ ಮಾಡಿಕೊಂಡಿದ್ದವು.

ಫಾರ್ಮಸಿಸ್ಟ್ ಜಾಡಿಯ ಮುಚ್ಚಳ ಮುಚ್ಚಿದರು. "ಜಾಡಿಗೆ ನಾನೇ ಸುರೀತಿದ್ದೆ ಮೇಡಂ," ಅಂದರು.

"ಚೀಟಿ ಬರೀತಿದ್ದವಳು ನಾನು," ಅಂದೆ. ಅದಕ್ಕಿಂತ ಹೆಚ್ಚು ಮಾತಾಡಲು ಹೊತ್ತಿರಲಿಲ್ಲ. ಆ ಜಾಡಿಯಲ್ಲಿ ನೆಂದ ಬುರುಡೆಗಳು ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ, ಕಿಟಕಿಯಲ್ಲಿ, ದೇವರ ಗೂಡಿನಲ್ಲಿ ಕೂತಿದ್ದವು. ಗಂಟೆ ಹೊಡೆದಾಗಲೆಲ್ಲ ಯಾರೋ ತಲೆ ಹಿಂದಕ್ಕೆ ವಾಲಿಸಿ ಕಣ್ಣು ಅಗಲಿಸುತ್ತಿದ್ದರು.

ಟ್ರಸ್ಟಿನ ಕಾರ್ಯದರ್ಶಿಗಳ ಕೋಣೆಗೆ ಹೋದೆ. ಕೊಟ್ಟ ಬಾಟಲಿಗಳನ್ನೆಲ್ಲ ಇವತ್ತೇ ವಾಪಸು ತರಬೇಕು, ಔಷಧ ನಿಯಂತ್ರಣ ಇಲಾಖೆಗೂ ತಿಳಿಸಬೇಕು ಅಂದೆ. ಅವರು ಕೆಟ್ಟವರಲ್ಲ. ಆಸ್ಪತ್ರೆಯನ್ನು ಮಗುವಿನಂತೆ ಸಾಕಿದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು.

"ತುಮಕೂರಿಂದ ರಿಪೋರ್ಟ್ ಬರಲಿ ಡಾಕ್ಟ್ರೇ. ಎರಡು ದಿನದ ಮಾತಲ್ವಾ? ಈಗಲೇ ಮನೆಮನೆಗೆ ಹೋದ್ರೆ, ಕಣ್ಣಾಸ್ಪತ್ರೆಯೋರೇ ಕಣ್ಣು ತೆಗೆದ್ರು ಅಂತ ನಾಲ್ಕು ತಾಲೂಕಲ್ಲಿ ಸುದ್ದಿ ಆಗುತ್ತೆ. ಪೊರೆ ತೆಗೆಸೋಕೆ ಬರೋರೂ ಮನೇಲೇ ಕೂರ್ತಾರೆ. ಅವರ ಕಣ್ಣು ಹೋದ್ರೆ ಯಾರು ಹೊಣೆ?"

ಆ ಭಯ ನನಗೂ ಇತ್ತು. ಇನ್ನೊಂದು ಭಯವೂ ಇತ್ತು, ಅದನ್ನು ಅವರಿಗೆ ಹೇಳಲಿಲ್ಲ. ಎಲ್ಲ ಬಾಟಲಿಯೂ ಕೆಟ್ಟಿರಬೇಕೆಂದಿಲ್ಲ. ಒಳ್ಳೆಯ ಬಾಟಲಿಯಿಂದ ಗುಣವಾಗುತ್ತಿರುವ ಹುಣ್ಣಿನಿಂದ ಗಟ್ಟಿ ಔಷಧಿ ಕಿತ್ತುಕೊಂಡು, ಅಂಗಡಿಯ ತೆಳು ಹನಿ ಕೊಟ್ಟರೆ ಆ ಹುಣ್ಣು ತಿರುಗಿಬೀಳಬಹುದು. ತೆಗೆದರೂ ಕಣ್ಣು ಹೋಗಬಹುದು, ಬಿಟ್ಟರೂ ಹೋಗಬಹುದು. ಬಾಗಿಲಲ್ಲಿ ನಿಂತು ಒಂದು ಕ್ಷಣ ಯೋಚಿಸಿದೆ. ತೆಳು ಹನಿ ಸೋತರೆ ನಾಳೆ ನನಗೆ ಕಾಣುತ್ತದೆ, ಮತ್ತೆ ಏನಾದರೂ ಮಾಡಬಹುದು. ಆ ಕಡ್ಡಿಗಳು ಹೊಕ್ಕರೆ ಮಾಡಲು ಏನೂ ಉಳಿಯುವುದಿಲ್ಲ.

"ರಿಪೋರ್ಟ್ ಬರೋವರೆಗೆ ಗಂಟೆಗೊಂದು ಹನಿ ಬೀಳ್ತಾನೇ ಇರುತ್ತೆ ಸರ್," ಅಂದೆ. "ನಾನು ಹೊರಟೆ."

ಅವರು ಕನ್ನಡಕ ಹಾಕಿಕೊಂಡರು. ವ್ಯಾನಿನ ಕೀಲಿ ಡ್ರೈವರಿಗೆ ಕೊಡಿಸಿದರು.

ನಂಬರು ಇದ್ದವರಿಗೆಲ್ಲ ಫಾರ್ಮಸಿಸ್ಟ್ ಫೋನು ಹಿಡಿದು ಕೂತರು. ಸಿಗದವರ ಊರಿಗೆ ನಾನು. ಕೊರಟಗೆರೆಯಲ್ಲಿ ಒಬ್ಬ ಮೇಷ್ಟ್ರು ಬಾಟಲಿ ಕೊಡಲೊಪ್ಪಲಿಲ್ಲ. "ವಾಸಿ ಆಗ್ತಿದೆಯಲ್ಲ ಮೇಡಂ, ಯಾಕೆ ಕಿತ್ಕೊಳ್ತೀರಿ?" ಅಂತ ಜೇಬಿನಲ್ಲಿದ್ದ ಬಾಟಲಿಯ ಮೇಲೆ ಕೈಯಿಟ್ಟು ಕಾದುಕೊಂಡರು. ಬಾಟಲಿಯೊಳಗೆ ಏನಿರಬಹುದು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮೇಲೆ ಬೆರಳ ತುದಿಯಲ್ಲಿ ಹಿಡಿದು ಕೊಟ್ಟರು. ಕೊಟ್ಟ ಕೈಯನ್ನು ಪಂಚೆಗೆ ಒರೆಸಿಕೊಂಡರು. ಸಿರಾದಲ್ಲಿ ಒಂದು ಮನೆಗೆ ಬೀಗ. ಮದುವೆಗೆ ಹೋಗಿದ್ದಾರೆ ಅಂದ ಪಕ್ಕದ ಮನೆಯಾಕೆ, "ದವಾ ಜೊತೇಲೇ ತಗೊಂಡು ಹೋದ್ರು" ಅಂತ ಸೇರಿಸಿದರು. ಆಕೆಯಿಂದಲೇ ಬೇರೆ ನಂಬರು ಪಡೆದು, ಮದುವೆಯ ಗದ್ದಲದಲ್ಲಿ ಅವರಿಗೆ ಕೂಗಿ ಕೂಗಿ ಹೇಳಿದ್ದಾಯಿತು.

ಪಾವಗಡದ ಕಡೆ ಹೊರಳಿದಾಗ ಹೊತ್ತು ಪಡುವಲಿಗೆ ವಾಲಿತ್ತು. ರಸ್ತೆಯ ಎರಡೂ ಬದಿ ಪ್ಯಾನೆಲ್‌ಗಳು ಒಂದೇ ಕಡೆ ಮುಖ ಮಾಡಿ ಮಲಗಿದ್ದವು. ಮನುಷ್ಯರ ಸುಳಿವಿಲ್ಲ. ಕಿಟಕಿಗೆ ಬಡಿಯುವ ಆ ಹೊಳಪಿಗೆ ನನ್ನ ಕಣ್ಣಲ್ಲೂ ನೀರು ಸುರಿಯಿತು.

ಕ್ಯಾತಗಾನಚೆರ್ಲಿನಲ್ಲಿ ಒಬ್ಬ ಅಜ್ಜಿಗೆ ಬಾಟಲಿ ಕೊಟ್ಟಿದ್ದೆವು. ಜಗಲಿಯ ಮೇಲೆ ಕೂತಿದ್ದರು. ಅವರ ಹುಣ್ಣು ಒಣಗಿ ಗಾಯದ ಕಲೆ ಮಾತ್ರ ಉಳಿದಿತ್ತು.

"ಹನಿ ಬಾಟಲಿ ಎಲ್ಲಿ ಅಜ್ಜಿ?"

"ನಂದು ವಾಸಿ ಆಯ್ತು ಕಾದಾ ತಲ್ಲೀ. ಉಳಿದಿದ್ದು ಯಾಕ್ ಚೆಲ್ಲೋದು ಅಂತ ಪಾಪೂಗೆ ಹಾಕ್ತಿವ್ನಿ. ಕಣ್ಣು ಕೆಂಪಾಗಿತ್ತು."

"ಯಾವ ಪಾಪು?"

ಅಜ್ಜಿ ಒಳಗೆ ಕೈ ತೋರಿಸಿದರು. ತೊಟ್ಟಿಲಲ್ಲಿ ಮೊಮ್ಮಗಳು. ಇನ್ನೂ ಹಲ್ಲು ಬಂದಿರಲಿಲ್ಲ. ತಲೆದಿಂಬಿನ ಪಕ್ಕದಲ್ಲೇ ನಮ್ಮ ಕಂದು ಬಾಟಲಿ. "ಬೆಳಿಗ್ಗೇನೂ ಹಾಕಿದೆ. ಮಂಚಿ ಔಸ್ತಿ ಅಮ್ಮ ನಿಮ್ದು," ಅಂತ ನಮ್ಮ ಔಷಧಿಯನ್ನು ಹೊಗಳಿದರು ಅಜ್ಜಿ.

ಮಗುವನ್ನು ಬಾಗಿಲ ಬೆಳಕಿಗೆ ತರಿಸಿದೆ. ಅದು ಕಿರುಚಿಕೊಂಡು ರೆಪ್ಪೆ ಬಿಗಿಯಾಗಿ ಮುಚ್ಚಿತು. ಡ್ರೈವರ್ ತಲೆ ಹಿಡಿದರು, ನಾನು ರೆಪ್ಪೆ ಬಿಡಿಸಿದೆ, ಹಳದಿ ಬಣ್ಣದ ಪರೀಕ್ಷೆಯ ಪಟ್ಟಿ ತಾಗಿಸಿ ನೀಲಿ ಟಾರ್ಚು ಹಾಕಿದೆ. ಗಾಯ ಇದ್ದರೆ ಅಲ್ಲಿ ಹಸಿರು ಬೆಳಗುತ್ತದೆ. ಒಂದು ಕಣ್ಣು ನೋಡಿದೆ, ಇನ್ನೊಂದು ನೋಡಿದೆ, ಮತ್ತೆ ಮೊದಲನೆಯದು. ಎಲ್ಲೂ ಬೆಳಗಲಿಲ್ಲ. ಕಣ್ಣಿನ ಮೇಲ್ಪದರ ಒಡೆಯದೆ ಇದ್ದುದರಿಂದ ಆ ಕಡ್ಡಿಗಳಿಗೆ ಒಳಹೋಗಲು ಬಾಗಿಲು ಸಿಕ್ಕಿರಲಿಲ್ಲ. ಇಷ್ಟೇ ಕಾರಣ. ಮಗು ಉಗುರಿನಿಂದ ತನ್ನ ಕಣ್ಣನ್ನು ತಾನೇ ಒಂದು ಸಲ ಗೀರಿಕೊಂಡಿದ್ದರೆ ಕತೆ ಬೇರೆಯಾಗುತ್ತಿತ್ತು. ತಾಯಿಯನ್ನೂ ಮಗುವನ್ನೂ ವ್ಯಾನಿಗೆ ಹತ್ತಿಸಿಕೊಂಡು ಬಂದು, ಕಣ್ಣು ತಿಳಿಯಾಗುವವರೆಗೆ ವಾರ್ಡಿನಲ್ಲೇ ಇಟ್ಟುಕೊಂಡೆ.

ತುಮಕೂರಿನ ರಿಪೋರ್ಟು ನಾವು ನೋಡಿದ್ದನ್ನೇ ಹೇಳಿತು. ಅಷ್ಟರಲ್ಲಿ ಬರಗೂರಿನ ಯಜಮಾನರ ಕಣ್ಣು ಒಡೆದು ಹೋಗಿತ್ತು. ಸೋಂಕು ಹಿಂದಕ್ಕೆ ಹರಡದಂತೆ ಅದರ ಒಳಗಿನದನ್ನೆಲ್ಲ ನಾನೇ ತೆಗೆಯಬೇಕಾಯಿತು. ಇಲಾಖೆಯ ಅಧಿಕಾರಿಗಳು ಬಂದರು, ಜಾಡಿಯನ್ನೂ ಬಾಟಲಿಗಳನ್ನೂ ತೆಗೆದುಕೊಂಡು ಹೋದರು, ಒಳಗಿನ ಕೋಣೆಗೆ ಬೀಗ ಬಿತ್ತು. ಕಾರ್ಯದರ್ಶಿಗಳು ಹೇಳಿದ್ದೂ ಸುಳ್ಳಾಗಲಿಲ್ಲ. ಹೊರರೋಗಿಗಳ ಬೆಂಚುಗಳು ಬಹಳ ದಿನ ಖಾಲಿ ಬಿದ್ದಿದ್ದವು.

ರಾಯಚರ್ಲಿನಾಕೆಯ ಕಣ್ಣು ತೂತಾಗುವ ಹಂತಕ್ಕೆ ಬಂದಿತ್ತು. ಬೆಂಗಳೂರಿಗೆ ಹೊರಡುವ ಬೆಳಿಗ್ಗೆ ಹಾಸಿಗೆಯ ಬಳಿ ಕೂತು ಎಲ್ಲ ಹೇಳಿದೆ. ಹನಿಯಲ್ಲೇ ರೋಗವಿತ್ತು, ಅದು ನಮ್ಮ ಕೋಣೆಯಿಂದಲೇ ಬಂತು, ನಿಮ್ಮಿಂದ ಏನೂ ತಪ್ಪಾಗಿಲ್ಲ. ಸೊಸೆ ಬಾಯಿಗೆ ಸೆರಗು ಹಿಡಿದಳು. ಆಕೆ ಪಟ್ಟಿ ಕಟ್ಟಿದ ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದರು. ಬೈಯುತ್ತಾರೆ, ಅಳುತ್ತಾರೆ ಅಂತ ಕಾದೆ.

"ನಾನು ಕೈ ತೊಳೀನಿಲ್ಲ ಅಂದ್ರಲ್ಲ ನೀವು," ಅಂದರು. ಅಷ್ಟೇ. ಸ್ಟ್ರೆಚರ್ ಬಂತು.

ಸತ್ತವರೊಬ್ಬರ ಕಾರ್ನಿಯಾ ಹೊಲಿದು ಕಣ್ಣಿನ ಗೂಡನ್ನು ಉಳಿಸಿದರು. ಮಂಜಿನ ಆಚೆಗೆ ನೋಡಿದ ಹಾಗೆ, ಎದುರು ಹಿಡಿದ ಕೈ ಬೆರಳು ಕಾಣುವಷ್ಟು ದೃಷ್ಟಿ ಉಳಿಯಿತು. ಹುಲ್ಲಿನ ಕೆಲಸ ಮುಗಿದ ಹಾಗೆಯೇ.

ಕೋಣೆಯ ಬೀಗ ತೆಗೆಯುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಜಾಡಿ ಇಲ್ಲ, ರಬ್ಬರ್ ಇಲ್ಲ, ಶುದ್ಧ ಮಾಡಿ ಪ್ಯಾಕು ಮಾಡಿದ ಬಾಟಲಿ ಬರದಿದ್ದರೆ ಹನಿಯನ್ನೇ ಮಾಡುವುದಿಲ್ಲ. ಸ್ವಲ್ಪ ಸ್ವಲ್ಪವೇ ಮಾಡುತ್ತೇವೆ. ಪ್ರತಿ ಸಲ ಒಂದು ಬಾಟಲಿಯನ್ನು ಪರೀಕ್ಷೆಗೆ ಕಳಿಸುತ್ತೇವೆ. ಕಾಯಬಹುದಾದ ಔಷಧಿಯಾದರೆ ಫಲಿತಾಂಶ ಬಂದ ಮೇಲೆಯೇ ಕೊಡುತ್ತೇವೆ. ಕಾಯಲಾಗದ ಹುಣ್ಣಾದರೆ ವಾರ್ಡು ಬಿಟ್ಟು ಬಾಟಲಿ ಹೊರಗೆ ಹೋಗುವುದಿಲ್ಲ. ಫಾರ್ಮಸಿಸ್ಟ್ ಕೆಲಸ ಬಿಡಲಿಲ್ಲ. ಆದರೆ ಅವರು ಈಗ ಕೈ ತೊಳೆಯುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. ಮೊಣಕೈವರೆಗೆ ಚರ್ಮ ಕೆಂಪಾಗುವ ತನಕ ತೊಳೆಯುತ್ತಾರೆ.

ಕಸಿಯನ್ನು ಮೈ ಹೊರದಬ್ಬದಂತೆ ತಡೆಯಲು ಒಂದು ಎಣ್ಣೆಯ ಹನಿ ಬೇಕು. ಬೆಂಗಳೂರಿನವರು ಬರೆದ ಗಟ್ಟಿಯಲ್ಲಿ ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಾವೇ ಮಾಡಿಕೊಡಬೇಕು. ಹಾಗೆ ರಾಯಚರ್ಲಿನಾಕೆ ಮತ್ತೆ ನನ್ನ ಮುಂದೆ ಕೂತರು. ಪರೀಕ್ಷೆ ಮುಗಿದು ಬಂದ ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟೆ. ಎರಡೂ ಒಂದೇ ಸಲ ಮಾಡಿದವು.

"ಎಲ್ಲಿ ಮಾಡಿದ್ದು ಇದು?" ಕೇಳಿದರು.

"ನಮ್ಮಲ್ಲೇ."

ಆಕೆ ಮೇಜಿನ ಮೇಲೆ ತಡವರಿಸಿ ಎರಡೂ ಬಾಟಲಿ ಹಿಡಿದರು. ಒಂದೊಂದನ್ನೇ ಅಂಗೈಯಲ್ಲಿ ಹೊರಳಿಸಿದರು, ತೂಕ ನೋಡುವವರ ಹಾಗೆ. ಆಮೇಲೆ ಒಂದನ್ನು ಮಡಿಲಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಕಡೆ ಚಾಚಿದರು.

"ಇದ್ನ ನೀನು ಹಾಕ್ಕೊ, ಡಾಕ್ಟ್ರಮ್ಮ. ನನ್ ಎದ್ರುಗೇನೇ. ಆಮ್ಯಾಕೆ ನಾನು ಹಾಕಿಸ್ಕಂತೀನಿ."

ಸೊಸೆ "ಅತ್ತೆ!" ಅಂತ ತಡೆಯಲು ಹೋದಳು. ನಾನು ಬೇಡವೆಂದು ಕೈ ತೋರಿಸಿದೆ. ಸೀಲು ಒಡೆದೆ. ಆಕೆ ಮುಂದಕ್ಕೆ ಬಾಗಿ ಆ ಮಂಜುಗಣ್ಣನ್ನು ನನ್ನ ಮುಖಕ್ಕೆ ತೀರ ಹತ್ತಿರ ತಂದರು. ಉಸಿರು ತಾಗುತ್ತಿತ್ತು. ಬಾಟಲಿ, ಎಣ್ಣೆ, ಸೋಸುವ ಕಾಗದ, ಎಲ್ಲವನ್ನೂ ನಾನೇ ಪರೀಕ್ಷೆ ಮಾಡಿಸಿದ್ದೆ. ಫಲಿತಾಂಶ ಓದಿ ಸಹಿ ಹಾಕಿದ್ದೆ. ತಲೆ ಹಿಂದಕ್ಕೆ ವಾಲಿಸಿದೆ, ಬಾಟಲಿ ಎತ್ತಿ ಹಿಡಿದೆ.

ತೊಟ್ಟು ತುದಿಗೆ ಬಂದು ನಿಂತಿತು. ಬೀಳುವ ಮೊದಲೇ ನನ್ನ ರೆಪ್ಪೆ ತಾನಾಗಿ ಮುಚ್ಚಿಕೊಂಡಿತು. ಎಣ್ಣೆ ಕೆನ್ನೆಯ ಮೇಲೆ ಹರಿಯಿತು.

"ಕಣ್ಗೆ ಬೀಳ್ನಿಲ್ಲ," ಅಂದರು ಆಕೆ. "ಇನ್ನೊಂದ್ ಕಿತ ಹಾಕ್ಕೊ."

ಎಡಗೈಯ ಬೆರಳಿನಿಂದ ರೆಪ್ಪೆಯನ್ನು ಬಿಡಿಸಿ ಹಿಡಿದುಕೊಂಡು, ಹಾಕಿಕೊಂಡೆ.